‘ಮನೆಯವರು ಇದ್ದಾರಾ ಮೇಡಂ?’ ಅನ್ನೋ ಫೋನು

ಬೆಳಿಗ್ಗೆ ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ, ಯಜಮಾನರಿಗೆ ಡಬ್ಬಿ ಕಟ್ಟಿಕೊಟ್ಟು, ‘ಉಸ್ಸಪ್ಪಾ’ ಅಂತ ಒಂದು ಲೋಟ ಕಾಫಿ ಹಿಡಿದು ಕೂತಿರುತ್ತೀರಿ. ಆಗಲೇ ಫೋನು ಹೊಡೆದುಕೊಳ್ಳುತ್ತದೆ. ಗೊತ್ತಿಲ್ಲದ ನಂಬರು. ‘ಮೇಡಂ, ಮನೆಯವರು ಇದ್ದಾರಾ?’ ನೀವು ಯಾರು ಅಂದರೆ ಹೆಸರು ಹೇಳುವುದಿಲ್ಲ. ಯಾವ ಕಂಪನಿ ಅಂದರೆ ಉತ್ತರವಿಲ್ಲ. ‘ಪರ್ಸನಲ್ ವಿಷಯ, ನೀವು ಅವರಿಗೆ ಏನಾಗಬೇಕು? ಅವರು ಎಷ್ಟು ಹೊತ್ತಿಗೆ ಬರ್ತಾರೆ? ಎಲ್ಲಿ ಕೆಲಸ ಮಾಡ್ತಾರೆ?’ ಎಂದು ಪ್ರಶ್ನೆಗಳ ಸುರಿಮಳೆ. ನಮ್ಮ ಕಡೆಯಲ್ಲಂತೂ ಕನ್ನಡದಲ್ಲಿ ಶುರುವಾದ ಮಾತು ಎರಡನೇ ನಿಮಿಷಕ್ಕೆ ತೆಲುಗಿಗೆ ತಿರುಗುತ್ತದೆ, ಮೂರನೇ ನಿಮಿಷಕ್ಕೆ ‘ಮೇಡಂ’ ಹೋಗಿ ‘ಏನಮ್ಮಾ’ ಆಗುತ್ತದೆ. ಕಾಫಿ ಆರಿ ತಣ್ಣಗಾಗುತ್ತದೆ, ಎದೆ ಮಾತ್ರ ಹೊಡೆದುಕೊಳ್ಳುತ್ತಲೇ ಇರುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ... ಯಾವ ಊರಿನ ಹೆಣ್ಣುಮಕ್ಕಳು ನಾಲ್ಕು ಜನ ಸೇರಿದರೂ ಈಗ ಈ ಮಾತು ಬಂದೇ ಬರುತ್ತದೆ. ಸಾಲ ತೆಗೆದವರಿಗೆ ಮಾತ್ರವಲ್ಲ, ತೆಗೆಯದವರಿಗೂ ಈ ಕಾಟ ತಪ್ಪಿದ್ದಲ್ಲ. ಓರಗಿತ್ತಿ ಸಾಲದ ಫಾರಂನಲ್ಲಿ ನಿಮ್ಮ ನಂಬರು ಬರೆಸಿರುತ್ತಾಳೆ. ಪಕ್ಕದ ಮನೆಯ ಹುಡುಗ ಯಾವುದೋ ಆ್ಯಪ್‌ನಲ್ಲಿ ಸಾಲ ತೆಗೆದಾಗ ಅವನ ಫೋನಿನಲ್ಲಿದ್ದ ನಂಬರುಗಳೆಲ್ಲ ಅವರ ಕೈಗೆ ಹೋಗಿರುತ್ತವೆ. ಇಲ್ಲವೇ ನಿಮ್ಮ ಸಿಮ್ಮಿನ ನಂಬರು ಹಿಂದೆ ಇನ್ಯಾರದ್ದೋ ಆಗಿದ್ದಿರುತ್ತದೆ. ಯಾರದೋ ಪಾಪ, ಯಾರದೋ ತಲೆಗೆ!

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಹೆಸರು ಹೇಳದೆ ಫೋನ್ ಮಾಡುವುದೇ ತಪ್ಪು. 2022ರ ಆಗಸ್ಟ್ 12ರಂದು ರಿಸರ್ವ್ ಬ್ಯಾಂಕು ವಸೂಲಿ ಏಜೆಂಟರ ಬಗ್ಗೆ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳಿಗೆ ಒಂದು ಸೂಚನೆ ಹೊರಡಿಸಿತು. ಬೆದರಿಕೆಯ ಕರೆ, ಅನಾಮಧೇಯ ಕರೆ, ಮೇಲಿಂದ ಮೇಲೆ ಕರೆ, ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ, ಇವೆಲ್ಲ ಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಸಾಲಗಾರನ ಮನೆಯವರು, ಸ್ನೇಹಿತರು, ಫಾರಂನಲ್ಲಿ ಹೆಸರು ಕೊಟ್ಟವರ ಖಾಸಗಿ ಬದುಕಿಗೆ ಕೈಹಾಕಬಾರದು ಅಂತಲೂ ಇದೆ. ಸಂಘ ಕಟ್ಟಿ ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕಂತೂ ನಿಯಮ ಇನ್ನೂ ಬಿಗಿ. ಅದೇ ವರ್ಷ ಮಾರ್ಚ್ 14ರಂದು ಬಂದ ನಿರ್ದೇಶನದ ಪ್ರಕಾರ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವ ಹಾಗಿಲ್ಲ. ಕಂತು ಕಟ್ಟಿಸಿಕೊಳ್ಳುವುದು ಇಬ್ಬರೂ ಒಪ್ಪಿದ ಜಾಗದಲ್ಲಿ. ಆ ಜಾಗಕ್ಕೆ ಎರಡು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಸತತವಾಗಿ ಸಾಲಗಾರರು ಬರದಿದ್ದರೆ ಮಾತ್ರ ಮನೆ ಬಾಗಿಲಿಗೆ ಬರಬಹುದು. ರಾತ್ರಿ ಎಂಟು ಗಂಟೆಗೆ ಜಗುಲಿ ಮೇಲೆ ಕೂತು ‘ಕಟ್ಟೋವರೆಗೂ ಏಳಲ್ಲ’ ಅನ್ನುವವರಿಗೆ ಯಾವ ಕಾನೂನಿನ ಬಲವೂ ಇಲ್ಲ.

ಹಾಗಾದರೆ ಫೋನಿನಲ್ಲಿ ಏನು ಹೇಳಬೇಕು? ಹೆಚ್ಚು ಹೇಳಬೇಡಿ. ನಮ್ಮ ಹೆಣ್ಣುಮಕ್ಕಳ ದೊಡ್ಡ ದೌರ್ಬಲ್ಯವೇ ಇದು ಕಣ್ರೀ... ಯಾರಾದರೂ ಗದರಿಸಿ ಕೇಳಿದರೆ ಸಾಕು, ಅಡ್ರೆಸ್ಸು, ಗಂಡನ ಫ್ಯಾಕ್ಟರಿ, ಮಗಳ ಕಾಲೇಜು ಎಲ್ಲವನ್ನೂ ಒಪ್ಪಿಸಿಬಿಡುತ್ತೇವೆ. ‘ನಿಮ್ಮ ಹೆಸರು, ಕಂಪನಿ, ಯಾವ ಬ್ರಾಂಚು ಹೇಳಿ, ಬರೆದುಕೊಳ್ತೀನಿ. ಯಾವ ಸಾಲ ಅನ್ನೋದನ್ನು ಕಾಗದದಲ್ಲಿ ಕಳಿಸಿ. ಫೋನಲ್ಲಿ ಮಾತಾಡಲ್ಲ.’ ಇಷ್ಟು ಹೇಳಿ ಇಟ್ಟುಬಿಡಿ. ನಿಜವಾದ ಕಂಪನಿಯವರಾದರೆ ಹೇಳುತ್ತಾರೆ. ಕಳ್ಳರಾದರೆ ಅಲ್ಲೇ ತಡವರಿಸುತ್ತಾರೆ. ಬೇರೆಯವರ ಸಾಲವಾದರೆ, ‘ನಾನು ಅವರ ಜಾಮೀನುದಾರಳಲ್ಲ, ನನ್ನ ನಂಬರು ತೆಗೆದುಹಾಕಿ’ ಎಂದರೆ ಮುಗಿಯಿತು. ಓರಗಿತ್ತಿಯ ಕಷ್ಟ-ಸುಖ ಆ ಹುಡುಗನಿಗೆ ವರದಿ ಮಾಡುವುದು ನಿಮ್ಮ ಕೆಲಸವಲ್ಲ. ಮತ್ತೆ ಅದನ್ನು ಕೇರಿಯಲ್ಲಿ ಹೇಳಿಕೊಂಡು ತಿರುಗುವುದೂ ಬೇಡ! ಅವಮಾನವಾಗಲಿ ಅಂತಲೇ ಅವರು ನಿಮಗೆ ಫೋನ್ ಮಾಡಿರುವುದು. ಆ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟರೆ ಹೇಗೆ?

ಇನ್ನೊಂದು ತಪ್ಪು ಕಲ್ಪನೆ. ಗಂಡ ತೆಗೆದ ಸಾಲಕ್ಕೆ ಹೆಂಡತಿ ತಾನಾಗೇ ಹೊಣೆ ಆಗುವುದಿಲ್ಲ. ನೀವು ಜೊತೆ ಸಾಲಗಾರಳಾಗಿ ಅಥವಾ ಜಾಮೀನಾಗಿ ಸಹಿ ಹಾಕಿದ್ದರೆ ಮಾತ್ರ ಹೊಣೆ. ಫಾರಂನಲ್ಲಿ ‘ರೆಫರೆನ್ಸ್’ ಅಂತ ಫೋನ್ ನಂಬರು ಕೊಟ್ಟ ಮಾತ್ರಕ್ಕೆ ಅದು ಜಾಮೀನಲ್ಲ. ಹಾಗೇ, ಸಾಲ ಕಟ್ಟಲಾಗದ ಮಾತ್ರಕ್ಕೆ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ಅದು ಸಿವಿಲ್ ವ್ಯವಹಾರ. ಚೆಕ್ ಕೊಟ್ಟು ಅದು ಬೌನ್ಸ್ ಆಗಿದ್ದರೆ, ಸುಳ್ಳು ದಾಖಲೆ ಕೊಟ್ಟಿದ್ದರೆ ಅದು ಬೇರೆ ಮಾತು. ‘ಲೋಕ್ ಅದಾಲತ್‌ನಲ್ಲಿ ನಿಮ್ಮ ಮೇಲೆ ಕೇಸಾಗಿದೆ, ನಾಳೆ ಬಂದು ಹಿಡೀತಾರೆ’ ಅಂತ ಹೆದರಿಸುವವರಿದ್ದಾರೆ. ಲೋಕ್ ಅದಾಲತ್ ಇರುವುದು ರಾಜಿ ಮಾಡಿಸಲಿಕ್ಕೆ ಮಾತ್ರ. ನೀವು ಒಪ್ಪದೆ ಅಲ್ಲಿ ರಾಜಿಯೇ ಇಲ್ಲ, ಜೈಲಂತೂ ದೂರದ ಮಾತು. ಆದರೆ ಕೋರ್ಟಿನಿಂದ ನಿಜವಾದ ನೋಟಿಸು ಬಂದರೆ ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡಬೇಡಿ, ದಯವಿಟ್ಟು. ಅದಕ್ಕೆ ಉತ್ತರ ಕೊಡಲೇಬೇಕು.

ಈಗ ಸಂಘದ ಸಾಲದ ಮಾತು. ಇದರಲ್ಲಿ ನಮ್ಮ ಕೋಲಾರಕ್ಕೆ ಒಂದು ಹಳೆಯ ಪಾಠವಿದೆ. 2009ರಲ್ಲಿ ಇಲ್ಲಿ ಒಂದೊಂದು ಹೆಣ್ಣುಮಗಳ ಹೆಸರಿನಲ್ಲಿ ಮೂರು-ನಾಲ್ಕು ಕಂಪನಿಗಳ ಸಾಲ ಸೇರಿಕೊಂಡಿತ್ತು. ಒಂದರ ಕಂತು ಕಟ್ಟಲು ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು. ಕೊನೆಗೆ ಕೋಲಾರದ ಅಂಜುಮನ್ ಸಮಿತಿ, ಮಹಿಳೆಯರು ಈ ಸಾಲಗಳನ್ನು ಕಟ್ಟಬಾರದು ಎಂದುಬಿಟ್ಟಿತು. ಆ ಸುದ್ದಿ ಬೇರೆ ಊರುಗಳಿಗೂ ಹಬ್ಬಿ, ವಿದೇಶಿ ಪತ್ರಿಕೆಗಳಲ್ಲೂ ಕೋಲಾರದ ಹೆಸರು ಬಂತು. ಹೆಣ್ಣುಮಕ್ಕಳಿಗೆ ಆಗ ಉಸಿರು ಬಿಟ್ಟ ಹಾಗಾಯಿತು, ಸುಳ್ಳಲ್ಲ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ‘ಯಾರೂ ಕಟ್ಟಬೇಡಿ’ ಅನ್ನುವುದು ಪರಿಹಾರವಲ್ಲ. ನಿಯತ್ತಾಗಿ ಕಟ್ಟುತ್ತಿದ್ದವಳಿಗೂ ನಾಳೆ ಹಸು ಕೊಳ್ಳಲು, ಹೊಲಿಗೆ ಮಿಷನ್ನು ಕೊಳ್ಳಲು ಸಾಲ ಹುಟ್ಟುವುದಿಲ್ಲ. ಆಮೇಲೆ ಅವಳು ಹೋಗುವುದು ಎಲ್ಲಿಗೆ? ಮೀಟರ್ ಬಡ್ಡಿಯವನ ಹತ್ತಿರವೇ ತಾನೇ? ತೆಗೆದುಕೊಂಡದ್ದನ್ನು ಕೊಡಬೇಕು. ಬೈಗುಳ ತಿನ್ನಬೇಕಾಗಿಲ್ಲ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡುವುದನ್ನು ಕಲಿಯೋಣ.

ಕಂಪನಿಯವರಿಗೂ ಪಾಠ ಬೇಕಿತ್ತು. ಈಗಿನ ನಿಯಮದಂತೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ. ಅಡಮಾನವಿಲ್ಲದೆ ಅಂದರೆ ಮನೆ ಪತ್ರವನ್ನಾಗಲಿ ಒಡವೆಯನ್ನಾಗಲಿ ಕೇಳುವ ಹಾಗಿಲ್ಲ. ಎಲ್ಲ ಸಾಲಗಳ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಸಾಲ ಕೊಡುವ ಮೊದಲೇ ಇದನ್ನು ಲೆಕ್ಕ ಹಾಕಬೇಕಾದವರು ಅವರು. ಟೊಮೆಟೊಗೆ ರೇಟು ಬಿದ್ದ ತಿಂಗಳಲ್ಲಿ, ಮಾವು ಕೈಕೊಟ್ಟ ವರ್ಷದಲ್ಲಿ ನಮ್ಮ ತಾಲ್ಲೂಕುಗಳ ಮನೆಗಳಲ್ಲಿ ಏನಾಗುತ್ತದೆ ಎಂದು ಸಾಲ ಕೊಡುವವರಿಗೆ ಗೊತ್ತಿಲ್ಲವೇ? ಟಾರ್ಗೆಟ್ಟಿನ ಹಿಂದೆ ಬಿದ್ದು ಕೊಟ್ಟುಬಿಟ್ಟು, ಆಮೇಲೆ ಇಪ್ಪತ್ತೆರಡು ವರ್ಷದ ಹುಡುಗನ ಕೈಯಲ್ಲಿ ತಾಯಿಯ ವಯಸ್ಸಿನವರನ್ನು ಬೈಸುತ್ತಾರೆ. ಆ ಹುಡುಗನಿಗೂ ಪಾಪ ಸಂಬಳ ಹಿಡಿಯುವ ಭಯವಿರುತ್ತದೆ. ಅದಕ್ಕೇ ಅವನನ್ನು ನೀವು ತಿರುಗಿ ಬೈಯಬೇಡಿ. ಬರೆದುಕೊಳ್ಳಿ.

ಹೌದು, ಬರೆದುಕೊಳ್ಳಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು. ಯಾವ ತಾರೀಕು, ಎಷ್ಟು ಹೊತ್ತು, ಯಾವ ನಂಬರು, ಏನಂದರು. ಫೋನಿನಲ್ಲಿ ರೆಕಾರ್ಡ್ ಆಗುವ ವ್ಯವಸ್ಥೆ ಇದ್ದರೆ ಮಗನಿಗೋ ಮಗಳಿಗೋ ಹೇಳಿ ಆನ್ ಮಾಡಿಸಿಕೊಳ್ಳಿ. ಕೆಟ್ಟ ಮೆಸೇಜು ಬಂದರೆ ಹೇಸಿಗೆಯೆಂದು ಅಳಿಸಬೇಡಿ, ಅದೇ ನಿಮ್ಮ ಸಾಕ್ಷಿ. ಹಣ ಕೊಟ್ಟಾಗಲೆಲ್ಲ ರಸೀದಿ ಇಸಿದುಕೊಳ್ಳಿ. ‘ನನ್ನ ನಂಬರಿಗೇ ಫೋನ್‌ಪೇ ಮಾಡಿ ಅಕ್ಕಾ, ಆಫೀಸಿಗೆ ನಾನು ಕಟ್ತೀನಿ’ ಅನ್ನುವವನಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅವನು ಕೆಲಸ ಬಿಟ್ಟುಹೋದ ಮೇಲೆ ನಿಮ್ಮ ಕಂತು ಕಟ್ಟೇ ಇಲ್ಲ ಅನ್ನುತ್ತದೆ ಕಂಪನಿ. ಆಗ ಯಾರನ್ನು ಕೇಳುತ್ತೀರಿ?

ಪೂರ್ತಿ ಕಳ್ಳ ಫೋನುಗಳೂ ಇವೆ. ‘ನಿಮ್ಮ ಪಾನ್ ಕಾರ್ಡ್ ಮೇಲೆ ಸಾಲ ಬಾಕಿ ಇದೆ, ಈಗಲೇ ಅರ್ಧ ಕಟ್ಟಿದರೆ ಮಾಫಿ’ ಎನ್ನುವವರು. ನಿಮ್ಮ ಹೆಸರಿನಲ್ಲಿ ನಿಜವಾಗಿ ಯಾವ ಸಾಲವಿದೆ ಎಂದು ನೋಡಲು ಫೋನಿನವನನ್ನು ನಂಬಬೇಕಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ನಿಮ್ಮ ಸಾಲದ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಕಾಲೇಜಿಗೆ ಹೋಗುವ ಮಕ್ಕಳು ಅರ್ಧ ಗಂಟೆಯಲ್ಲಿ ತೆಗೆದುಕೊಡುತ್ತಾರೆ. ನೀವು ತೆಗೆಯದ ಸಾಲ ಅದರಲ್ಲಿ ಕಂಡರೆ ತಕ್ಷಣ ಲಿಖಿತ ದೂರು ಕೊಡಿ. ಆಧಾರ್ ಜೆರಾಕ್ಸು ಸಿಕ್ಕಸಿಕ್ಕವರಿಗೆ ಕೊಡುವ ನಮ್ಮ ಅಭ್ಯಾಸದಿಂದ ಆಗುವ ಅನಾಹುತ ಇದು.

ಆ್ಯಪ್ ಸಾಲದವರದ್ದು ಇನ್ನೂ ಹೊಲಸು. ಫೋಟೋ ಕೆಡಿಸಿ ನೆಂಟರಿಗೆಲ್ಲ ಕಳಿಸುತ್ತೇವೆ ಅನ್ನುತ್ತಾರೆ. ಸಾಲದ ಆ್ಯಪ್‌ಗಳು ಫೋನಿನ ನಂಬರುಗಳ ಪಟ್ಟಿ, ಫೋಟೋ, ಕರೆಗಳ ವಿವರ ಮುಟ್ಟಬಾರದು ಎಂದು 2022ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಹಾಗೆ ಮಾಡಿದವರ ಜೊತೆ ಚೌಕಾಸಿ ಬೇಡವೇ ಬೇಡ. ಒಂದು ಸಲ ಕೊಟ್ಟರೆ ನಾಳೆ ಮತ್ತೆ ಕೇಳುತ್ತಾರೆ. ಸೀದಾ 1930ಕ್ಕೆ ಫೋನ್ ಮಾಡಿ, ಅಥವಾ ಕೋಲಾರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ನೆಂಟರಿಗೆ ನೀವೇ ಮೊದಲು ಹೇಳಿಬಿಡಿ, ‘ಹೀಗೊಂದು ಸುಳ್ಳು ಫೋಟೋ ಬರಬಹುದು, ನಂಬಬೇಡಿ’ ಅಂತ. ಅವರ ಅಸ್ತ್ರದ ಮೊನೆ ಅಲ್ಲೇ ಮುರಿಯುತ್ತದೆ.

ಬ್ಯಾಂಕು, ನೋಂದಾಯಿತ ಫೈನಾನ್ಸ್ ಕಂಪನಿಗಳ ಕಿರುಕುಳವಾದರೆ ಮೊದಲು ಆ ಕಂಪನಿಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು. ಮಾಹಿತಿಗೆ 14448. ಆದರೆ ಬೆದರಿಕೆ, ಕೆಟ್ಟ ಬೈಗುಳಕ್ಕೆ 30 ದಿನ ಕಾಯಬೇಕಿಲ್ಲ. ಅದು ಅಪರಾಧ, ನೇರವಾಗಿ ಪೊಲೀಸರಿಗೇ ಹೇಳಬಹುದು.

2025ರ ಜನವರಿ ನೆನಪಿದೆಯಲ್ಲವೇ? ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ದಿನಾ ಬರುತ್ತಿತ್ತು. ಹಾವೇರಿ ಜಿಲ್ಲೆಯ ಮಹಿಳೆಯರು ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗಳಿಗೆ ಅಂಚೆಯಲ್ಲಿ ಮಾಂಗಲ್ಯವನ್ನೇ ಕಳಿಸಿದರು. ಆ ಮೇಲೆಯೇ ಸರ್ಕಾರ ಸುಗ್ರೀವಾಜ್ಞೆ ತಂದದ್ದು. ಮೊದಲ ಸಲ ರಾಜ್ಯಪಾಲರು ಹಿಂದಕ್ಕೆ ಕಳಿಸಿ, ಫೆಬ್ರವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ಕೇಸು ದಾಖಲಿಸಲು ನಿರಾಕರಿಸುವಂತಿಲ್ಲ. ಮೀಟರ್ ಬಡ್ಡಿಯವರ ವಿಷಯಕ್ಕಾದರೆ 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆಯೂ ಇದೆ. ಠಾಣೆಗೆ ಒಬ್ಬರೇ ಹೋಗಲು ಮುಜುಗರವಾದರೆ ಸಂಘದ ನಾಲ್ಕು ಜನ ಸೇರಿ ಹೋಗಿ. ಕಂತು ಕಟ್ಟಲು ಸೇರುತ್ತೀರಲ್ಲ, ಇದಕ್ಕೂ ಸೇರಬಹುದು.

ಇನ್ನು ಕೊನೆಯದಾಗಿ, ಹೇಳಲು ಸಂಕೋಚವಾಗುವ ಮಾತು. ಎಷ್ಟೋ ಮನೆಗಳಲ್ಲಿ ಈ ಫೋನಿಗೆ ಹೆದರುವುದು ವಸೂಲಿಯವನಿಗಾಗಿ ಅಲ್ಲ, ಯಜಮಾನರಿಗೆ ಗೊತ್ತಾದರೆ ಅಂತ. ತವರಿನ ಮದುವೆಗೆಂದೋ, ಚೀಟಿ ಮುಳುಗಿದ್ದಕ್ಕೋ, ಮಗನ ಫೀಸಿಗೋ ಗುಟ್ಟಾಗಿ ತೆಗೆದ ಸಾಲ. ಇಲ್ಲವೇ ಗಂಡ ಗುಟ್ಟಾಗಿ ತೆಗೆದು ಹೆಂಡತಿಯ ಸಹಿ ಹಾಕಿಸಿಕೊಂಡ ಸಾಲ. ಗುಟ್ಟು ಇರುವವರೆಗೂ ಹೆದರಿಸುವವನ ಕೈಯೇ ಮೇಲು. ಒಂದು ಭಾನುವಾರ ಊಟವಾದ ಮೇಲೆ, ಮಕ್ಕಳು ಹೊರಗೆ ಆಡುತ್ತಿರುವಾಗ, ಎಲ್ಲ ಪಾಸ್‌ಬುಕ್ಕು, ಕಂತಿನ ಕಾರ್ಡು ಮುಂದಿಟ್ಟು ಹೇಳಿಬಿಡಿ. ಕೂಗಾಟವಾಗುತ್ತದೆ. ಒಂದು ದಿನ, ಎರಡು ದಿನ ಮಾತು ನಿಲ್ಲಬಹುದು. ಮೂರನೇ ದಿನ ಇಬ್ಬರೂ ಸೇರಿ ಬ್ರಾಂಚಿಗೆ ಹೋಗಿ, ‘ಇಷ್ಟು ಕಟ್ಟಲು ಆಗುತ್ತದೆ, ಕಂತು ಇಳಿಸಿ ಅವಧಿ ಹೆಚ್ಚಿಸಿ’ ಎಂದು ಅರ್ಜಿ ಕೊಡಬಹುದು. ಅದನ್ನು ಒಬ್ಬರೇ ಅಳುತ್ತಾ ಮಾಡಲಾಗುವುದಿಲ್ಲ. ಮನೆಯಲ್ಲಿ ಹೇಳಿದರೆ ಹೊಡೆತ ಬೀಳುತ್ತದೆ ಅನ್ನುವವರು ಮೊದಲು 181 ಮಹಿಳಾ ಸಹಾಯವಾಣಿಗೆ ಮಾತಾಡಿ.

ವಕೀಲರ ಫೀಸು ಎಲ್ಲಿಂದ ತರೋದು ಎಂಬ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಕೋಲಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕು ಕೋರ್ಟುಗಳಲ್ಲಿ ಅದರ ಸಮಿತಿಗಳಿವೆ. ಫೋನ್ ನಂಬರು 15100. ಕ್ಯಾಲೆಂಡರಿನ ಮೂಲೆಯಲ್ಲಿ ಈಗಲೇ ಬರೆದಿಟ್ಟುಕೊಳ್ಳಿ, ಹೋಗುವಾಗ ಆ ಕ್ಯಾಲೆಂಡರನ್ನೂ ಕಿತ್ತು ಜೊತೆಗೆ ತೆಗೆದುಕೊಂಡು ಹೋಗಿ.