ಕಲ್ಲನ್ನು ತಬ್ಬಿದ ಬೇರು

ಬಂಡೆಯನ್ನು ಬೇರುಗಳಿಂದ ತಬ್ಬಿ ನಿಂತ ಮರವನ್ನು ನೀವು ಬೆಟ್ಟ ಹತ್ತುವಾಗ ನೋಡಿರಬಹುದು. ಆ ನೋಟವನ್ನೇ ಪುಟ್ಟ ಕುಂಡಕ್ಕೆ ಇಳಿಸಿದ ಬೋನ್ಸಾಯ್ ಶೈಲಿಗೆ ಜಪಾನೀಯರು 'ಸೆಕಿಜೊಜು' ಎನ್ನುತ್ತಾರೆ. ಅಲ್ಲಿನ ಬೆಟ್ಟಗಳ ಕಡಿದಾದ ಬಂಡೆಗಳಲ್ಲಿ ಬೆಳೆಯುವ 'ಶಿಂಪಾಕು' ಜೂನಿಪರ್ ಬೋನ್ಸಾಯ್ ಪ್ರಿಯರ ಅಚ್ಚುಮೆಚ್ಚು.

ಉದ್ದ ಬೇರಿರುವ ಎಳೆಯ ಗಿಡವನ್ನು ಆರಿಸಿಕೊಳ್ಳಿ. ಬುಡದ ಮಣ್ಣನ್ನು ಸ್ವಲ್ಪ ಉಳಿಸಿಕೊಂಡು ಉಳಿದ ಬೇರುಗಳನ್ನು ತೊಳೆಯಿರಿ. ಒರಟು ಕಲ್ಲಿನ ಸಂದುಗಳಲ್ಲಿ ಅವನ್ನು ಹರಡಿ ದಾರದಿಂದ ಬಿಗಿಯಾಗಿ ಸುತ್ತಿ. ಬೇರಿನ ತುದಿ ಕಲ್ಲಿನ ಬುಡ ದಾಟಿರಲಿ. ಬಳಿಕ ಆಳವಾದ ಕುಂಡದಲ್ಲಿ, ನೀರು ಬಸಿದುಹೋಗುವ ಮಣ್ಣಿನಲ್ಲಿ ಕಲ್ಲು ಸಮೇತ ಹೂಳಿ, ಬಿಸಿಲು ಗಾಳಿ ಇರುವ ಕಡೆ ಇಡಿ.

ಇನ್ನು ಉಳಿದ ಕೆಲಸ ಕಾಯುವುದು! ಜೂನಿಪರ್ ಬೇರು ದಪ್ಪವಾಗಿ ಕಲ್ಲನ್ನು ಹಿಡಿಯಲು ಮೂರು ವರ್ಷವಾದರೂ ಬೇಕು. ಆಮೇಲೆ ಮೇಲಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಬಂದರೆ, ಬೆಳಕು ಕಂಡ ಬೇರಿನ ಮೇಲೆ ತೊಗಟೆ ಬಲಿಯುತ್ತದೆ.

ಒಂದು ಎಚ್ಚರಿಕೆ. ಬೇರು ಸತ್ತ ಮೇಲೂ ಜೂನಿಪರ್ ಕೆಲವು ವಾರ ಹಸಿರಾಗಿಯೇ ಕಾಣುತ್ತದೆ. ಹಸಿರು ನಂಬಿ ರೆಂಬೆಗಳಿಗೆ ತಂತಿ ಸುತ್ತಿ ಬಾಗಿಸಲು ಹೊರಟವರು ಮೋಸಹೋಗುತ್ತಾರೆ. ತುದಿಗಳಲ್ಲಿ ಹೊಸ ಚಿಗುರು ಬಲವಾಗಿ ಬರುವವರೆಗೆ ತಂತಿ ಮುಟ್ಟಬೇಡಿ.

ವಿದ್ಯಾರ್ಥಿಗಳೇ, ಎಂಟನೇ ತರಗತಿಯಲ್ಲಿ ಹೂಳಿದ ಬೇರನ್ನು ನೀವು ನೋಡುವುದು ಕಾಲೇಜು ಸೇರಿದ ಮೇಲೆ. ಪೋಷಕರಿಗೂ ಒಂದು ಮಾತು: ಬೇರು ಹಿಡಿದಿದೆಯೇ ಎಂದು ನಡುವೆ ಅಗೆದು ನೋಡಬೇಡಿ. ತಿಂಗಳಿಗೊಮ್ಮೆ ಅಂಕಪಟ್ಟಿ ಕೇಳುವ ನಮಗೆ ಅದು ಕಷ್ಟವೇ. ಆದರೆ ತಾಳಿದವನು ಬಾಳಿಯಾನು.