ತುಳಿದವನಿಗೆ ಒದಗುವ ಬಲ

'ಸಹಾಯ' ಎಂಬುದು ನಾವೆಲ್ಲರೂ ದಿನಕ್ಕೆ ಹತ್ತು ಸಲ ಬಳಸುವ ಶಬ್ದ. ಅದನ್ನು ಬಿಡಿಸಿ ನೋಡುವವರು ಕಡಿಮೆ. 'ಸಹ' ಎಂದರೆ ಸಂಗಡ. 'ಅಯ' ಎಂದರೆ ಹೋಗುವದು. ಸಂಗಡ ಹೋಗುವವನೇ ಸಹಾಯನು. ನಮ್ಮನ್ನು ಹೊತ್ತುಕೊಂಡು ಹೋಗುವವನು ವಾಹಕನು. ನಮ್ಮ ಬದಲಾಗಿ ಹೋಗಿ ಬರುವವನು ದೂತನು. ನಾವು ನಡೆದರೆ ತಾನೂ ನಡೆದು, ನಾವು ನಿಂತರೆ ತಾನೂ ನಿಲ್ಲುವವನು ಸಹಾಯನು. ಈ ಭೇದವನ್ನು ನಾವು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು ಮಕ್ಕಳಿಗೆ ತೋರಿಸಿದೆವು. ನಮ್ಮ ಮೊಣಕಾಲಿಗೆ ಅದು ತಿಳಿದುದು ಮಾತ್ರ ಈ ಆಷಾಢದಲ್ಲಿ, ಅರಕೇರಿಯ ಹಾದಿಯ ಮೇಲೆ, ಒಂದು ವಿದ್ಯುತ್ ಸೈಕಲ್ಲಿನಿಂದ.

ಸೈಕಲ್ಲು ನಮ್ಮದಲ್ಲ. ಪುಣೆಯಲ್ಲಿರುವ ನಮ್ಮ ಅಳಿಯಂದಿರು ರಜೆಗೆ ಬಂದಾಗ ತಂದು, ಒಂದು ತಿಂಗಳ ಮಟ್ಟಿಗೆ ನಮ್ಮ ಪಡಸಾಲೆಯಲ್ಲಿ ಬಿಟ್ಟುಹೋದರು. ಗುಡ್ಡ ಹತ್ತುವ ಜಾತಿಯದು. ದಪ್ಪ ಗಾಲಿಗಳು, ಮುಂಗಾಲಿಯ ಮೇಲೆ ಸ್ಪ್ರಿಂಗಿನ ಕವಲು, ಪೆಡಲುಗಳ ನಡುವಣ ಅಚ್ಚಿನ ಹತ್ತಿರ ಮೋಟಾರು, ಓರೆದಂಡಿಗೆಯಲ್ಲಿ ಬ್ಯಾಟರಿ. ತೂಕ ಸುಮಾರು 25 ಕಿಲೋ. ನಮ್ಮ ಹೊಸ್ತಿಲು ದಾಟಿಸುವದಕ್ಕೇ ಇಬ್ಬರು ಬೇಕು. ಮನೆಯಲ್ಲಿ ಅದನ್ನು ನೋಡಿ "ಈ ವಯಸ್ಸಿನಾಗ ಇದೇನ ಸೋಗು" ಎಂದು ಒಂದು ಮಾತು ಬಂತು. ನಾವು ಕೇಳದವರಂತೆ ಇದ್ದೆವು. ನಮ್ಮ ಮನಸ್ಸಿನಲ್ಲಿದ್ದುದು ನಮ್ಮ ವಿನೋದವಲ್ಲ, ನಮ್ಮ ಸ್ನೇಹಿತರೊಬ್ಬರ ಹೊಲ.

ಅವರು ನಮ್ಮ ಓರಗೆಯವರು, ಇದೇ ಊರಿನ ಒಕ್ಕಲುತನದ ಮನೆಯವರು. ಅವರ ಹೊಲ ಊರಿಂದ ದೂರ, ಪಡುವಣ ದಿಕ್ಕಿಗೆ. ನಲವತ್ತು ವರ್ಷ ಅದಕ್ಕೆ ಸೈಕಲ್ಲು ತುಳಿದು ಹೋಗಿ ಬಂದರು. ಎರಡು ವರ್ಷಗಳ ಹಿಂದೆ ಬಿಟ್ಟರು. ಮಗ ಮೋಟಾರ್ ಸೈಕಲ್ಲಿನ ಮೇಲೆ ಕರೆದೊಯ್ಯುತ್ತಾನೆ, ಆದರೆ ಅವನಿಗೆ ವಿಜಯಪುರದಲ್ಲಿ ನೌಕರಿ. "ನಾಳೆ ಹೋಗೂಣಪ್ಪಾ" ಎನ್ನುತ್ತಾನೆ. ಆ ನಾಳೆ ಎಂಟು ದಿನಕ್ಕೊಮ್ಮೆ ಬರುತ್ತದೆ. ಒಡೆಯನು ಕಾಣದ ಹೊಲ ಏನಾಗುವದೆಂಬುದನ್ನು ಒಕ್ಕಲಿಗರಿಗೆ ಹೇಳಬೇಕಾಗಿಲ್ಲ. ಈ ವರ್ಷ ಅದನ್ನು ಲಾವಣಿಗೆ ಹಾಕುವ ಮಾತು ಮನೆಯಲ್ಲಿ ನಡೆದಿತ್ತು. ಮುದುಕರು ಬೇಡವೆನ್ನಲಿಲ್ಲ, ಊಟವನ್ನು ಮಾತ್ರ ಅರ್ಧಕ್ಕೆ ಇಳಿಸಿದ್ದರು.

ಇಷ್ಟು ದೊಡ್ಡ ನಷ್ಟಕ್ಕೆ ಕಾರಣವಾದ ಬಲಹೀನತೆಯು ಎಷ್ಟು ದೊಡ್ಡದು? ಇದನ್ನು ನಾವು ಲೆಕ್ಕ ಮಾಡಿ ನೋಡಿದೆವು. ನಮ್ಮ ಸೀಮೆಯನ್ನು ಕಾಣದ ವಾಚಕರು, ವಿಜಯಪುರವೆಂದರೆ ಬಯಲು, ಬಯಲೆಂದರೆ ಸೈಕಲ್ಲಿಗೆ ಸುಖ ಎಂದೆಣಿಸುವದುಂಟು. ಅಹುದು, ಹೆಸರಾಂತ ಸೈಕಲ್ ಪಟುಗಳು ಈ ಜಿಲ್ಲೆಯಿಂದಲೂ ನೆರೆಯ ಬಾಗಲಕೋಟೆಯಿಂದಲೂ ಬಂದಿದ್ದಾರೆ. ಸರಕಾರವು 2006-07ರಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಹಂಚಲಾರಂಭಿಸಿದಾಗ ಶಾಲೆಯ ಅಂಗಳಗಳು ಜಾತ್ರೆಯಂತೆ ತುಂಬಿದುದನ್ನು ನಾವೇ ಕಂಡಿದ್ದೇವೆ. ಆದರೆ ಆಷಾಢದ ಗಾಳಿಯನ್ನು ಬಲ್ಲವರು ಈ ಬಯಲನ್ನು ಬಯಲೆನ್ನಲಾರರು. ಎರೆಭೂಮಿಯಲ್ಲಿ ಗಿಡವಿಲ್ಲ, ಮರೆಯಿಲ್ಲ. ಪಡುವಣ ಗಾಳಿಯು ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತದೆ. ಗಾಳಿಯಿಲ್ಲದ ದಿನ ಮಟ್ಟಸವಾದ ದಾರಿಯಲ್ಲಿ ತಾಸಿಗೆ 15 ಕಿಲೋಮೀಟರ್ ಹೋಗುವದಕ್ಕೆ ಸುಮಾರು 60 ವ್ಯಾಟು ಶಕ್ತಿ ಸಾಕು. ಅದೇ 15 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ಗಾಳಿಯ ತಡೆ ನಾಲ್ಮಡಿಯಾಗಿ, ಒಟ್ಟು ಬೇಕಾಗುವದು ಸುಮಾರು 135. ಇನ್ನು ಏರು: ಸವಾರನೂ ಸೈಕಲ್ಲೂ ಕೂಡಿ 90 ಕಿಲೋ ಆದರೆ, ನೂರಡಿಗೆ ಐದಡಿ ಏರುವ ದಾರಿಯನ್ನು ತಾಸಿಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತುವದಕ್ಕೆ 150ರ ಹತ್ತಿರ ಬೇಕು. ಪ್ರಾಯ ಸಂದ ಗೃಹಸ್ಥನು ಬಹಳ ಹೊತ್ತು ಒಂದೇ ಸಮನೆ ಕೊಡಬಲ್ಲುದು 75, ಹೆಚ್ಚೆಂದರೆ 100. ಹಾಗಾದರೆ ಕೊರತೆಯೆಷ್ಟು? ಐವತ್ತು, ಅರವತ್ತು, ಎಪ್ಪತ್ತು ವ್ಯಾಟು. ಮೊದಲು ನಮ್ಮ ಅಡಿಗೆಮನೆಯಲ್ಲಿ ತೂಗುಬಿದ್ದಿದ್ದ ಹಳೆಯ ಗಾಜಿನ ಬಲ್ಬು 60 ವ್ಯಾಟಿನದು. ಅಷ್ಟು ಬೆಳಕಿನ ಬೆಲೆಯ ಬಲ ಸಾಲದೆ ಒಬ್ಬ ಮನುಷ್ಯನ ಹೊಲ ಅವನ ಕಣ್ಣಿನಿಂದ ಮರೆಯಾಗಿತ್ತು.

ಆ ಬಲವನ್ನು ಈ ಯಂತ್ರ ಕೊಡುವ ರೀತಿ ವಿಚಿತ್ರವಾದುದು. ಮೋಟಾರುಳ್ಳ ಸೈಕಲ್ಲಿನ ಕಲ್ಪನೆ ಹಳೆಯದು. ಆಗ್ಡೆನ್ ಬೋಲ್ಟನ್ ಎಂಬ ಅಮೇರಿಕದವನು 1895ರಲ್ಲಿಯೇ ಅದಕ್ಕೆ ಹಕ್ಕುಪತ್ರ ಪಡೆದಿದ್ದನು. ಆದರೆ 1993ರಲ್ಲಿ ಜಪಾನದ ಯಾಮಾಹಾ ಕಂಪನಿಯವರು ಮಾರಾಟಕ್ಕೆ ತಂದುದರಲ್ಲಿ ಹೊಸತೆಂದರೆ, ಸವಾರನು ಪೆಡಲಿನ ಮೇಲೆ ಎಷ್ಟು ಒತ್ತುವನೆಂಬುದನ್ನು ಅಳೆದು ಅದಕ್ಕೆ ತಕ್ಕಷ್ಟೇ ಬಲ ಕೂಡಿಸುವ ಉಪಾಯ. ನಮ್ಮ ಅಳಿಯಂದಿರ ಸೈಕಲ್ಲು ಈ ಪಂಗಡದ್ದು.

ಹತ್ತಿ ಕುಳಿತ ಮೊದಲ ಕ್ಷಣದಲ್ಲಿ ಏನೂ ವಿಶೇಷವಿಲ್ಲ. ಭಾರವಾದ ಸೈಕಲ್ಲು, ಅಷ್ಟೇ. ಅರ್ಧ ಸುತ್ತು ತುಳಿಯುವಷ್ಟರಲ್ಲಿ, ಬಾಲ್ಯದಲ್ಲಿ ಬಾಡಿಗೆಯ ಸೈಕಲ್ಲಿನಲ್ಲಿ ಒಳಪೆಡಲು ಕಲಿಯುವಾಗ ಅಣ್ಣನು ಸೀಟು ಹಿಡಿದು ಹಿಂದೆ ಓಡಿ ಬರುತ್ತಿದ್ದನಲ್ಲ, ಅವನ ಕೈ ಬಂದು ಕೂಡಿದಂತಾಗುತ್ತದೆ. ನೂಕಿದ ಭಾವನೆಯಿಲ್ಲ. ಎಳೆದ ಭಾವನೆಯೂ ಇಲ್ಲ. ನಮ್ಮ ಕಾಲೇ ಇಪ್ಪತ್ತೈದು ವರ್ಷದ್ದಾಯಿತೆಂದು ಕಾಲಿಗೆ ಭ್ರಮೆ ಹುಟ್ಟುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಬಲವಾಗಿ ಒತ್ತಿದರೆ ಬಲವಾಗಿ. ಕಾಲು ನಿಲ್ಲಿಸಿದರೆ ಯಂತ್ರದ ಸಣ್ಣ ಗುಂಯ್‌ಗುಡುವಿಕೆಯೂ ನಿಂತು, ಗಾಲಿಯ ಸಪ್ಪಳವಷ್ಟೇ ಉಳಿಯುತ್ತದೆ.

ನಾವು ಮುಮ್ಮೆಟ್ಟಿಗುಡ್ಡದ ಕಡೆಗೆ ತಿರುಗಿಸಿದೆವು. ಅಮೋಘಸಿದ್ಧನ ಈ ಗುಡ್ಡಕ್ಕೆ ಹಾಲುಮತದ ಭಕ್ತರು ಡೊಳ್ಳು ಬಾರಿಸುತ್ತ, ಭಂಡಾರ ತೂರುತ್ತ ಬರುವದನ್ನು ನಮ್ಮ ಜಿಲ್ಲೆಯ ವಾಚಕರು ಬಲ್ಲರು. ಮಲೆನಾಡಿನವರು ಇದನ್ನು ಗುಡ್ಡವೆಂದರೆ ನಕ್ಕಾರು. ಎದುರುಗಾಳಿಯಲ್ಲಿ ಗರಸಿನ ದಾರಿಯ ಮೇಲೆ ಅರವತ್ತರ ಮೊಣಕಾಲಿಗೆ ಅದು ಸಾಕಷ್ಟು ಹಿಮಾಲಯವೇ. ಏರಿನಲ್ಲಿ ಸಣ್ಣ ಗಿಯರು ಹಾಕಿ, ಹಗುರಾಗಿ ಬೇಗ ಬೇಗ ತುಳಿದರೆ ಯಂತ್ರ ಸಂತೋಷದಿಂದ ನಡೆಯುತ್ತದೆ. ದೊಡ್ಡ ಗಿಯರಿನಲ್ಲಿ ಮೈಭಾರ ಹಾಕಿ ಮೆಟ್ಟಿದರೆ ಗೊಣಗುತ್ತದೆ. ಗಿಯರು ಬದಲಿಸುವ ಮುನ್ನ ಕಾಲಿನ ಒತ್ತಡವನ್ನು ತುಸು ಸಡಿಲಿಸಬೇಕು. ಇಲ್ಲವಾದರೆ ಮೋಟಾರಿನ ಬಲವೂ ಚೈನಿನ ಮೇಲೆ ಬಿದ್ದು ಖಟ್ಟೆನ್ನುತ್ತದೆ. ನಡುವೆ ಒಂದು ಕಡೆ ಉಸಿರು ಹಿಡಿಯಲು ನಿಂತೆವು. ಅಲ್ಲಿ ಕುರಿ ಕಾಯುತ್ತಿದ್ದ ಹುಡುಗನು ಸೈಕಲ್ಲನ್ನು ಮೂರು ಸುತ್ತು ಬಂದು, "ಗುರುಗಳ, ಮೋಟಾರ ಇದ್ದಮ್ಯಾಲ ತುಳಿಯೂದ್ಯಾಕ್ರಿ?" ಎಂದನು. ಒಳ್ಳೆಯ ಪ್ರಶ್ನೆ. ತುಳಿಯದಿದ್ದರೆ ಇದು ಓಡುವದಿಲ್ಲವೆಂದೆವು. "ಹಂಗಾರ ನೀವಽ ಹತ್ತಿದಂಗಾತು ಬಿಡ್ರಿ" ಎಂದು ಅವನೇ ತೀರ್ಪು ಕೊಟ್ಟನು.

ಅವನ ತೀರ್ಪಿಗೆ ಪಂಡಿತರ ಆಧಾರವೂ ಉಂಟು. ಅಮೇರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಪಳಗಿದ 33 ಜನ ಗುಡ್ಡಗಾಡಿನ ಸವಾರರನ್ನು ಸಾದಾ ಸೈಕಲ್ಲಿನ ಮೇಲೂ ಇಂಥ ಸೈಕಲ್ಲಿನ ಮೇಲೂ ಕೂರಿಸಿ ನೋಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾದಾ ಸೈಕಲ್ಲಿನ ಮೇಲೆ ಹೃದಯ ಬಡಿದುಕೊಂಡುದರಲ್ಲಿ ಸರಾಸರಿ ನೂರಕ್ಕೆ 94ರಷ್ಟು ಬಡಿತ ಇದರ ಮೇಲೂ ಕಂಡುಬಂತು. ಸವಾರರಿಗೆ ಮಾತ್ರ ಅಷ್ಟು ದಣಿವು ತೋರಲಿಲ್ಲ. ಅಂದರೆ ಈ ಯಂತ್ರವು ದೇಹದ ದುಡಿಮೆಯನ್ನು ಹೆಚ್ಚಾಗಿ ಕಸಿದುಕೊಳ್ಳುವದಿಲ್ಲ, 'ಇನ್ನು ನನ್ನಿಂದಾಗದು' ಎಂಬ ಎದೆಗೆಡುವಿಕೆಯನ್ನು ಕಸಿದುಕೊಳ್ಳುತ್ತದೆ. ನಮ್ಮ ಅಂಗಿ ಗುಡ್ಡದ ಮೇಲೆ ಬೆವರಿನಿಂದ ತೊಯ್ದೇ ಇತ್ತು. ಆದುದರಿಂದ ಇದನ್ನು ಸೋಮಾರಿಗಳ ಸೈಕಲ್ಲೆಂದು ಹಳಿಯುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಗುಡ್ಡದ ಸೈಕಲ್ಲನ್ನು ರೂಢಿಗೆ ತಂದ ಕ್ಯಾಲಿಫೋರ್ನಿಯದ ತರುಣರೇ 1970ರ ದಶಕದಲ್ಲಿ ತಮ್ಮ ಸೈಕಲ್ಲುಗಳನ್ನು ಅನೇಕ ಸಲ ಟ್ರಕ್ಕಿನಲ್ಲಿ ಹೇರಿಕೊಂಡು ಮೇಲೆ ಹೋಗಿ, ಇಳಿಯುವದನ್ನಷ್ಟೇ ಸವಾರಿ ಮಾಡುತ್ತಿದ್ದರು!

ಇಳಿಯುವ ವಿಷಯ ಬಂತು. ಇಲ್ಲಿ ಎಚ್ಚರ ಬೇಕು. ಏರಿನಲ್ಲಿ ಮರೆತುಹೋದ 25 ಕಿಲೋ ಇಳಿಜಾರಿನಲ್ಲಿ ತನ್ನ ನೆನಪು ಮಾಡಿಕೊಡುತ್ತದೆ. ಗರಸಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಗಾಲಿ ಜಾರುವದು. ಎರಡನ್ನೂ ಮೊದಲಿನಿಂದಲೇ ಹದವಾಗಿ ಹಿಡಿದು ಬರಬೇಕು. ಏರಿನ ನಡುವೆ ನಿಂತು ಮತ್ತೆ ಹೊರಡುವಾಗಲೂ ಬ್ರೇಕು ಹಿಡಿದೇ ಕಾಲಿಡತಕ್ಕದ್ದು. ಪೆಡಲಿನ ಮೇಲೆ ಕಾಲು ಊರಿದುದನ್ನೇ ಅಪ್ಪಣೆಯೆಂದು ತಿಳಿದು ಯಂತ್ರ ಜಿಗಿದೀತು. ಬಯಲಿನಲ್ಲಿ ತಾಸಿಗೆ 25 ಕಿಲೋಮೀಟರ್ ಮುಟ್ಟಿದೊಡನೆ ಬಲ ನಿಂತು, ಹೊಳೆಯ ಕೆಸರಿಗೆ ಇಳಿದಂತೆ ಕಾಲು ಭಾರವಾಗುತ್ತದೆ. ಇದು ಕೆಟ್ಟುದಲ್ಲ, ಕಾಯಿದೆಯ ಕಟ್ಟು. 250 ವ್ಯಾಟಿಗಿಂತ ಕಡಿಮೆಯ ಮೋಟಾರು ಇದ್ದು, ತುಳಿಯುವದು ನಿಂತಾಗ ಇಲ್ಲವೆ 25ರ ವೇಗ ಮುಟ್ಟಿದಾಗ ಬಲ ನಿಲ್ಲುವಂಥದನ್ನು ನಮ್ಮ ದೇಶದ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದು ಎಣಿಸುವದಿಲ್ಲ. ಬ್ಯಾಟರಿ ಬರಿದಾದರೆ ಏನು ಗತಿಯೆಂದು ಕೇಳುವವರಿಗೆ: ತುಳಿದು ಬರಬಹುದು, ಆದರೆ ಮನೆ ಮುಟ್ಟುವಾಗ ಯಂತ್ರವನ್ನು ಕಂಡುಹಿಡಿದವನಿಗೆ ಆಶೀರ್ವಾದ ಮಾಡುವ ಮನಸ್ಸು ಇರದು. ನಮ್ಮ ಬೇಸಿಗೆಯಲ್ಲಿ ಬಿಸಿಲಿನಿಂದ ಬಂದೊಡನೆ ಬ್ಯಾಟರಿಗೆ ವಿದ್ಯುತ್ತು ಹಚ್ಚಬಾರದು. ನೆರಳಿನಲ್ಲಿ ಆರಲು ಬಿಡಬೇಕು. ಖರ್ಚು ಅಲ್ಪ, ಸಾಮಾನ್ಯ ಬ್ಯಾಟರಿ ತುಂಬುವದಕ್ಕೆ ಅರ್ಧ ಯುನಿಟ್ಟೂ ಹಿಡಿಯದು. ಜಾಲಿಯ ಮುಳ್ಳಿಗೆ ಮಾತ್ರ ಇದೂ ಉಳಿದ ಸೈಕಲ್ಲಿನಂತೆಯೇ ಪಂಕ್ಚರು.

ಕೊಳ್ಳುವವರಿಗೆ ಒಂದು ಮಾತು. ನಡುವಣ ಅಚ್ಚಿನಲ್ಲಿ ಮೋಟಾರುಳ್ಳ ಪರದೇಶದ ಗುಡ್ಡದ ಸೈಕಲ್ಲುಗಳಿಗೆ ಲಕ್ಷಗಟ್ಟಲೆ ಬೆಲೆ. ನಮ್ಮ ದೇಶದ ಅಂಗಡಿಗಳಲ್ಲಿ 30-40 ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ಸಿಗುವವುಗಳಲ್ಲಿ ಬಹುಶಃ ಹಿಂಗಾಲಿಯ ಗುಂಬದಲ್ಲಿ ಮೋಟಾರು ಇರುತ್ತದೆ. ಅವು ಪೆಡಲು ಸುತ್ತುವದನ್ನು ನೋಡುತ್ತವೆ, ಒತ್ತುವದನ್ನು ನೋಡುವದಿಲ್ಲ. ಸುಮ್ಮನೆ ಕಾಲಾಡಿಸಿದರೂ ಪೂರ್ತಿ ಬಲ ಬರುವದು. ಕಾಲು ನಿಲ್ಲಿಸಿದ ಮೇಲೂ ಒಂದು ಕ್ಷಣ ನೂಕುವದು. ಕೈಯಿಂದ ತಿರುವುವ ಹಿಡಿಕೆ ಇದ್ದರಂತೂ ತುಳಿಯುವ ಮಾತೇ ಇಲ್ಲ. ಅವುಗಳಿಂದಲೂ ಕೆಲಸ ನಡೆದೀತು, ಆದರೆ ಅವು ಒಡೆಯನ ಮಾತು ಮುಗಿಯುವ ಮೊದಲೇ ಓಡುವ ಆಳಿನಂತೆ. ಒತ್ತಡ ಅಳೆಯುವ ಜಾತಿಯದನ್ನೇ ಕೇಳಿರಿ. ಅಂಗಡಿಯವನು ಒಂದು ಏರಿನಲ್ಲಿ ತುಳಿದು ನೋಡಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗಿರಿ.

ನಮ್ಮ ಸ್ನೇಹಿತರನ್ನು ಮೊದಲ ದಿನ ಊರ ಹೊರಗಿನ ಬಯಲಿನಲ್ಲಿಯೇ ತಿರುಗಾಡಿಸಿದೆವು. ಎರಡನೆಯ ದಿನ ಬ್ರೇಕಿನ ಪಾಠ. ಮೂರನೆಯ ದಿನ ಮುಂಜಾನೆ, ಅಕ್ಕನವರು ದೀಪ ಹಚ್ಚುವದರೊಳಗೆ ಬರಬೇಕೆಂದು ಎರಡು ಸಲ ಹೇಳಿಸಿಕೊಂಡು, ಬುತ್ತಿ ಕಟ್ಟಿ ಕಳಿಸಿದರು. ಗಾಳಿ ಜೋರಾಗಿಯೇ ಇತ್ತು. ಮಧ್ಯಾಹ್ನ ಬರುವರೆಂದು ನಾವೂ ಅವರ ಕಟ್ಟೆಗೆ ಹೋಗಿ ಕುಳಿತೆವು. ಅವರು ಬಂದುದು ಹೊತ್ತು ಇಳಿದ ಮೇಲೆ. ಸೈಕಲ್ಲು ಹೇಗೆ ನಡೆಯಿತೆಂಬ ಮಾತನ್ನೇ ಎತ್ತಲಿಲ್ಲ. "ಮಾಸ್ತರ, ಮೂಲ್ಯಾಗಿನ ಒಡ್ಡ ಒಡದೈತ್ರಿ. ಎರಡ ಗಾಡಿ ಕಲ್ಲ ಬೇಕು. ತೊಗರಿ ಮಾತ್ರ ಚಲೋ ಎದ್ದೈತಿ" ಎಂದು ಕೈಕಾಲು ತೊಳೆಯಲು ಒಳಗೆ ಹೋದರು. ಲಾವಣಿಯ ಕಾಗದಕ್ಕೆಂದು ಸೋಮವಾರ ಬರಬೇಕಾದವರಿಗೆ ಸದ್ಯಕ್ಕೆ ಬೇಡವೆಂದು ಹೇಳಿಕಳಿಸಿದುದು ನಮಗೆ ಆಮೇಲೆ ತಿಳಿಯಿತು. ಅಳಿಯಂದಿರ ಸೈಕಲ್ಲು ತಿಂಗಳ ಕೊನೆಗೆ ಪುಣೆಗೆ ಮರಳಬೇಕು. ಅಷ್ಟರೊಳಗೆ ಬೇರೊಂದನ್ನು ನೋಡಲು ಮಗನು ವಿಜಯಪುರದ ಅಂಗಡಿಗಳಲ್ಲಿ ವಿಚಾರಿಸುತ್ತಿದ್ದಾನೆ.