ಕಾಯಕಕ್ಕೆ ತಕ್ಕ ಗಣಕ



ಕಳೆದ ಶ್ರಾವಣದ ಪ್ರವಚನ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ ತರುಣ ಶರಣರೊಬ್ಬರು ಬಂದು ನನ್ನ ಪಕ್ಕದಲ್ಲಿ ಕುಳಿತರು. ಅವರದು ಮರದ ಗಾಣ. ಕುಸುಬೆ, ಶೇಂಗಾ ಎಣ್ಣೆ ತೆಗೆದು ಮನೆಮನೆಗೆ ಮುಟ್ಟಿಸುವ ಕಾಯಕ. ವ್ಯಾಪಾರ ಬೆಳೆಸಬೇಕೆಂದು ಸಾಲ ಮಾಡಿ ಮೂರು ಕಂಪ್ಯೂಟರ್, ಒಂದು ಸರ್ವರ್, ದೊಡ್ಡ ಸಗಟು ವ್ಯಾಪಾರಿಗಳು ಬಳಸುವಂಥ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಂಡಿದ್ದರು. ಅದರ ಮೇಲೆ ಒಂದು ವೆಬ್‌ಸೈಟನ್ನೂ ಮಾಡಿಸಿದ್ದರು. "ಸರ, ಎಲ್ಲಾ ತಗೊಂಡೀನ್ರಿ. ಆದ್ರ ಯಾರ ಕಡೆ ಎಷ್ಟು ಉದ್ದರಿ ಐತಿ ಅನ್ನೋದು ಇನ್ನೂ ನಮ್ಮವ್ವನ ವಹಿಯೊಳಗಷ್ಟ ಸಿಗತೈತ್ರಿ" ಎಂದು ನಗುತ್ತ ಹೇಳಿದರು. ಸಾಲದ ಕಂತಿನ ಮಾತು ಬಂದಾಗ ಆ ನಗು ಉಳಿಯಲಿಲ್ಲ.

ಒಂದು ದಿನ ಅವರ ಗಾಣಕ್ಕೆ ಹೋಗಿದ್ದೆ. ಸರ್ವರ್ ಪೆಟ್ಟಿಗೆಯ ಪಕ್ಕದಲ್ಲಿ ಹಿಂಡಿಯ ಚೀಲಗಳಿದ್ದವು. ಮೂರು ಕಂಪ್ಯೂಟರುಗಳಲ್ಲಿ ಎರಡಕ್ಕೆ ಬಟ್ಟೆ ಹೊದಿಸಿತ್ತು. ತಾಯಿಯವರ ವಹಿಯಲ್ಲಿ ಮಾತ್ರ ರೈತರ ಹೆಸರು, ಬಂದ ಚೀಲ, ಕೊಟ್ಟ ಹಣ, ಉಳಿದ ಬಾಕಿ ಎಲ್ಲವೂ ಸಾಲಾಗಿ ಇದ್ದವು. ಇಷ್ಟು ಚೆನ್ನಾಗಿ ಲೆಕ್ಕ ಇಟ್ಟಿದ್ದೀರಲ್ಲ ಎಂದಾಗ ಆ ತಾಯಿ ಹೇಳಿದ್ದು: "ನನ್ನನ್ನ ಯಾರು ಕೇಳ್ಯಾರ್ರಿ? ಮಷಿನ್ ಮಾರಾಂವ ಕೇಳಲಿಲ್ಲ, ನಮ್ಮ ಹುಡುಗನೂ ಕೇಳಲಿಲ್ಲ."

ಆ ಮಾತು ಕೇಳಿದಾಗ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದರು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೇಕೆ ಎಂದು ಕೇಳಿ ಅದನ್ನು ಹಿಂದಿರುಗಿಸಲು ಹೇಳಿದವರು ಲಕ್ಕಮ್ಮ. ಅವರಲ್ಲಿ ಒಂದು ಅಳತೆ ಇತ್ತು. ಇಂದಿನ ದಾಸೋಹಕ್ಕೆ ಎಷ್ಟು ಬೇಕು ಎಂಬುದು ಅವರಿಗೆ ಗೊತ್ತಿತ್ತು, ಆದ್ದರಿಂದ ಹೆಚ್ಚಾದದ್ದು ಕಣ್ಣಿಗೆ ಬಿತ್ತು. ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಅನೇಕರಿಗೆ ಇಂದು ಇಲ್ಲದಿರುವುದು ಈ ಅಳತೆಯೇ. ನನ್ನ ಕಾಯಕದ ಗುರಿ ಏನು, ಅದಕ್ಕೆ ಈ ಯಂತ್ರ ಏನು ಮಾಡಿಕೊಡಬೇಕು ಎಂದು ಕೇಳುವ ಮೊದಲೇ ಯಂತ್ರ ಮನೆಗೆ ಬಂದಿರುತ್ತದೆ.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಶರಣರು ಸಲಕರಣೆಯನ್ನು ಹಗುರವಾಗಿ ಕಂಡವರಲ್ಲ. ಅವರ ಹೆಸರುಗಳಲ್ಲೇ ಗಾಣವಿದೆ, ನುಲಿಯಿದೆ, ದೋಣಿಯಿದೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಕಂಪ್ಯೂಟರ್ ನೆರವಿಲ್ಲದೆ ವ್ಯಾಪಾರ ನಡೆಸುವುದು ಕಷ್ಟವೂ ಆಗಿದೆ. ನನ್ನ ಮಾತು ಇಷ್ಟೇ: ಗುರಿ ಮೊದಲು, ಗಣಕ ಆಮೇಲೆ.

ಅಂದು ಗಾಣದ ಮನೆಯಲ್ಲಿ ತಾಯಿ, ಮಗ, ನಾನು ಮೂವರೂ ಕುಳಿತು ಒಂದು ಹಾಳೆಯ ಮೇಲೆ ಬರೆದೆವು. ಗುರಿ ಎರಡು: ಕಾಳು ಕೊಟ್ಟ ರೈತನಿಗೆ ಎಂಟು ದಿನದೊಳಗೆ ಹಣ ಮುಟ್ಟಬೇಕು, ತಿಂಗಳಿಗೊಮ್ಮೆ ಎಣ್ಣೆ ಒಯ್ಯುವ ಮನೆಗಳಿಗೆ ತಪ್ಪದೆ ಎಣ್ಣೆ ಹೋಗಬೇಕು. ಇದಕ್ಕಾಗಿ ನಿತ್ಯ ತಿಳಿಯಬೇಕಾದದ್ದು ನಾಲ್ಕು ಸಂಗತಿ. ಯಾವ ರೈತನಿಗೆ ಎಷ್ಟು ಕೊಡಬೇಕು, ಯಾವ ಮನೆಯಿಂದ ಎಷ್ಟು ಬರಬೇಕು, ಒಂದು ಕ್ವಿಂಟಲ್ ಕಾಳಿಗೆ ಎಷ್ಟು ಎಣ್ಣೆ ಇಳಿಯಿತು, ಈ ತಿಂಗಳ ತೆರಿಗೆ ಲೆಕ್ಕ ಏನು. ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಸಲ್ಲಿಸಬೇಕು, ತಡವಾದರೆ ದಂಡ. ಈ ನಾಲ್ಕಕ್ಕೆ ಒಂದು ಕಂಪ್ಯೂಟರ್, ಸರಳವಾದ ಒಂದು ಲೆಕ್ಕದ ಸಾಫ್ಟ್‌ವೇರ್, ಕರೆಂಟ್ ಹೋದಾಗ ಕೆಲಸ ಕೆಡದಂತೆ ಒಂದು ಯುಪಿಎಸ್, ಲೆಕ್ಕದ ಪ್ರತಿ ತೆಗೆದಿಡಲು ಎರಡು ಡಿಸ್ಕ್ ಸಾಕು. ಸರ್ವರ್ ಬೇಕಿರಲಿಲ್ಲ. ಗಿರಾಕಿಗಳೆಲ್ಲ ಸುತ್ತಲಿನ ಹತ್ತು ಹಳ್ಳಿಯವರೇ ಆದ್ದರಿಂದ ವೆಬ್‌ಸೈಟೂ ಬೇಕಿರಲಿಲ್ಲ. ಈಗ ಅವರು ಎರಡು ಕಂಪ್ಯೂಟರ್ ಮಾರಿದ್ದಾರೆ. ತಾಯಿಯವರ ವಹಿಯ ಕ್ರಮದಲ್ಲೇ ಲೆಕ್ಕ ಕಂಪ್ಯೂಟರಿಗೆ ಏರಿದೆ. ಸಾಲ ಮಾತ್ರ ಇನ್ನೂ ತೀರಿಲ್ಲ.

ಗುರಿ ಮೊದಲು ಎಂಬುದಕ್ಕೆ ನಮ್ಮ ಇತಿಹಾಸದಲ್ಲೇ ದೊಡ್ಡ ಉದಾಹರಣೆ ಇದೆ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನದ ತಾಡೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ವಚನಗಳು ಜನರ ಕೈಗೆ ಮುಟ್ಟಬೇಕು ಎಂಬುದು ಅವರ ಗುರಿ. ಆ ಗುರಿಗೆ ಸ್ವಂತ ಅಚ್ಚುಕೂಟವಿಲ್ಲದೆ ಆಗದು ಎಂದು ಕಂಡ ಮೇಲೆ ತಮ್ಮ ಮನೆಯನ್ನೇ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಲಕ್ಕಮ್ಮನವರ ಅಳತೆ ಎಂದರೆ ಯಾವಾಗಲೂ ಕಡಿಮೆ ಕೊಳ್ಳುವುದಲ್ಲ. ಕಾಯಕ ಬೇಡಿದರೆ ಮನೆ ಮಾರಿಯೂ ತರಬೇಕು, ಬೇಡದಿದ್ದರೆ ಪುಕ್ಕಟೆ ಬಂದರೂ ಬಿಡಬೇಕು.

ಇನ್ನು ನಮ್ಮ ತಪ್ಪನ್ನೂ ಹೇಳಬೇಕು. ಲೋಕವನ್ನು ತಿದ್ದುವ ಮುನ್ನ ತನ್ನನ್ನು ತಿದ್ದಿಕೊಳ್ಳಬೇಕೆಂಬುದು ಅಪ್ಪ ಬಸವಣ್ಣನವರ ಬೋಧೆ. ಈ ಪತ್ರಿಕೆಯ ಕಚೇರಿಯೂ ಒಂದು ಸಣ್ಣ ಉದ್ಯಮವೇ. ನಮ್ಮ ಚಂದಾದಾರರ ಪಟ್ಟಿ ಒಂದೇ ಕಂಪ್ಯೂಟರಿನಲ್ಲಿ ಇತ್ತು. ಪುಟ ವಿನ್ಯಾಸಕ್ಕೆಂದು ಬೆಲೆಬಾಳುವ ಯಂತ್ರ ಕೊಂಡಿದ್ದ ನಾವು, ಪಟ್ಟಿಯ ಇನ್ನೊಂದು ಪ್ರತಿ ಇಡಲು ಬೇಕಿದ್ದ ಸಣ್ಣ ಡಿಸ್ಕನ್ನು ಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಆ ಕಂಪ್ಯೂಟರ್ ತೆರೆಯಲಿಲ್ಲ. ಮಠಗಳ ದಫ್ತರ, ರಸೀದಿ ಪುಸ್ತಕ, ಹಳೆಯ ಅಂಚೆ ಚೀಟಿಗಳಿಂದ ಹೆಸರು ಹೆಕ್ಕಿ ಪಟ್ಟಿ ಕಟ್ಟಲು ತಿಂಗಳುಗಳೇ ಹಿಡಿದವು. ಈ ನಡುವೆ ಹಿರಿಯ ಶರಣೆಯೊಬ್ಬರು ಫೋನ್ ಮಾಡಿ, "ನಮ್ಮ ಯಜಮಾನ್ರು ಲಿಂಗೈಕ್ಯರಾದ ಮ್ಯಾಲ ಪತ್ರಿಕೆ ನಿಲ್ಲಿಸಿಬಿಟ್ರೇನ್ರಿ?" ಎಂದು ಕೇಳಿದರು. ಅವರಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಪತ್ರಿಕೆ ಓದುಗರ ಮನೆ ಮುಟ್ಟುವುದೇ ನಮ್ಮ ಗುರಿ. ಆ ಗುರಿಯ ಬೇರಾದ ಪಟ್ಟಿಯನ್ನೇ ನಾವು ಕಾಯಲಿಲ್ಲ.

ಹಳೆಯ ಸಂಚಿಕೆಗಳ ಕಥೆಯೂ ಹೀಗೆಯೇ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಲೇಖನಗಳು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೆರೆಗಳಾಗಿ ಕಾಣುತ್ತವೆ, ಹುಡುಕಲೂ ಬರುವುದಿಲ್ಲ. ಈಗ ಅವನ್ನು ಒಂದೊಂದಾಗಿ ಯುನಿಕೋಡಿಗೆ ಪರಿವರ್ತಿಸುತ್ತಿದ್ದೇವೆ. ಪಟ್ಟಿಗೂ ಲೇಖನಗಳಿಗೂ ಮೂರು ಪ್ರತಿ ಇಡುವ ನಿಯಮ ಮಾಡಿಕೊಂಡಿದ್ದೇವೆ: ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಕಚೇರಿಯ ಹೊರಗೆ. ಕಲ್ಯಾಣ ಚದುರಿದಾಗಲೂ ವಚನಗಳು ಉಳಿದದ್ದು ಒಂದೇ ಕಡೆ ಇರದೆ ಹಲವು ಕೈಗಳಲ್ಲಿ, ಹಲವು ಕಟ್ಟುಗಳಲ್ಲಿ ಇದ್ದುದರಿಂದ. ಈ ಪಾಠ ನಮಗೆ ಹೊಸದಾಗಬಾರದಿತ್ತು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಂತೂ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕೆಂಬುದು ಕಾನೂನು. ಒಂದೇ ಯಂತ್ರದ ಭರವಸೆಯ ಮೇಲೆ ಅದು ಆಗುವ ಮಾತಲ್ಲ.

ಸತ್ಯಶುದ್ಧ ಕಾಯಕಕ್ಕೂ ಇದಕ್ಕೂ ನೇರ ಸಂಬಂಧವಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ನಮ್ಮ ರಾಜ್ಯದ ಅನೇಕ ಸಣ್ಣ ಅಂಗಡಿಕಾರರು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಎಂದು ಬೋರ್ಡ್ ಹಾಕಿದರು. ಮನೆಯ ಹಣ, ಕೈಗಡ, ವ್ಯಾಪಾರದ ಹಣ ಒಂದೇ ಖಾತೆಯಲ್ಲಿ ಬೆರೆತವರಿಗೆ ಯಾವುದು ಏನು ಎಂದು ತೋರಿಸುವುದೇ ಕಷ್ಟವಾಯಿತು. ಹಣ ಪಡೆಯುವ ಸಾಧನ ಬಂದಿತ್ತು, ಅದಕ್ಕೆ ತಕ್ಕ ಲೆಕ್ಕ ಬಂದಿರಲಿಲ್ಲ. ವ್ಯಾಪಾರಕ್ಕೆ ಬೇರೆ ಖಾತೆ, ಅದಕ್ಕೇ ಜೋಡಿಸಿದ ಕ್ಯೂಆರ್ ಕೋಡ್, ಆಯಾ ದಿನದ ಕಿರ್ದಿ ಇವಿಷ್ಟಿದ್ದರೆ ಅಂಜುವ ಕಾರಣವಿಲ್ಲ.

ಗಿರಾಕಿಗಳ, ಭಕ್ತರ ಮೊಬೈಲ್ ಸಂಖ್ಯೆಗಳೂ ನಂಬಿಕೆಯಿಂದ ಬಂದ ಒಪ್ಪಿಗೆಯ ವಸ್ತುಗಳು. ಮಾರಾಟಕ್ಕೆಂದೋ ಚುನಾವಣೆಗೆಂದೋ ಪಟ್ಟಿ ಕೇಳಿಕೊಂಡು ಬರುವವರಿದ್ದಾರೆ. ಕೊಡಬೇಡಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಅದಕ್ಕೂ ಮೊದಲು ನಮ್ಮ ಅಂತಃಸಾಕ್ಷಿ ಇದೆ.

ಕೊನೆಗೆ ಪೂಜ್ಯರಲ್ಲಿಯೂ ಸಮಾಜದ ತರುಣರಲ್ಲಿಯೂ ಒಂದು ಬಿನ್ನಹ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಮಕ್ಕಳು ನೂರಾರು. ಜಾತ್ರೆಗೆ ಬಂದಾಗ ಮಠಕ್ಕೆ ಕಾಣಿಕೆ ಕೊಟ್ಟು ಹೋಗುತ್ತಾರೆ. ತಿಂಗಳ ಅನುಭವ ಗೋಷ್ಠಿಯ ಒಂದು ಸಂಜೆಯನ್ನು ಮಠಗಳು ಇದಕ್ಕೆ ಬಿಟ್ಟುಕೊಡಲಿ. ನೇಕಾರರು, ಗಾಣದವರು, ಕಿರಾಣಿ ಅಂಗಡಿಯವರು, ಸ್ವಸಹಾಯ ಸಂಘದ ತಾಯಂದಿರು ತಮ್ಮ ವಹಿ ಹಿಡಿದು ಬರಲಿ. ಬಲ್ಲವರು ಏನನ್ನೂ ಮಾರದೆ, ಅವರ ಗುರಿ ಕೇಳಿ, ಎಷ್ಟು ಬೇಕೆಂದು ಹೇಳಲಿ. ಅದು ಅರಿವಿನ ದಾಸೋಹ. ಈ ಜಾತಿ ಆ ಜಾತಿ ಎನ್ನದೆ ಬಂದವರಿಗೆಲ್ಲ ಅದು ತೆರೆದಿರಲಿ.

ಹಾಗೆ ಕೇಳುವಾಗ ಮನೆಯಲ್ಲಿ ವಹಿ ಬರೆಯುವವರನ್ನೇ ಮೊದಲು ಕೇಳಿರಿ. ಹಲವು ಮನೆಗಳಲ್ಲಿ ಅವರು ತಾಯಿಯೋ ಮಡದಿಯೋ ಆಗಿರುತ್ತಾರೆ. ಲಕ್ಕಮ್ಮನವರ ಮಾತನ್ನು ಮಾರಯ್ಯನವರು ಕೇಳಿದರು. ನಾವೂ ಕೇಳೋಣ.



- ಸಂಪಾದಕ